ಕೆಳಗಿನಕೇರಿಗೆ ಏನೂ ಬೇಡ

ಕಾರವಾರ
12-12-2004

ಪ್ರೀತಿಯ ಹೊನ್ನಿಗೆ,

ಕುಮಾರ ಬರೆಯುವುದು. ಕದ್ರಾದಲ್ಲಿ ಕಂಬ ಹತ್ತುವ ಕೆಲಸ ಬಿಟ್ಟು ಕಾರವಾರಕ್ಕೆ ಬಂದಿದ್ದೇನೆ. ಇದೂ ಕಂತ್ರಾಟಿನ ಕೆಲಸವೇ. ಆದರೆ ಕೈಗೆ ಗ್ರೀಸು ಹತ್ತುವುದಿಲ್ಲ, ಬಿಳಿ ಅಂಗಿ ಹಾಕಬಹುದು. ಭಾನುವಾರ ಅಮದಳ್ಳಿಗೆ ಹೋಗಿದ್ದಾಗ ನಮ್ಮ ಅವ್ವಿ ನನ್ನನ್ನು ನೋಡಿ, "ಯಾರ ಮದ್ವಿಗೆ ಹೊರಟ್ಯೋ ಮಾರಾಯಾ?" ಎಂದು ಕೇಳಿದಳು. "ನಂದೇ" ಎಂದೆ.

ಕೆಲಸ ಏನೆಂದರೆ, ಕಾರವಾರ ಮತ್ತು ಅಂಕೋಲಾ ಎರಡೂ ತಾಲೂಕಿನಲ್ಲಿ ಮನೆ ಮನೆಗೆ ಹೋಗಿ ಎರಡು ಪ್ರಶ್ನೆ ಕೇಳುವುದು. ನಿಮ್ಮ ಮನೆಯಲ್ಲಿ ಈಗ ಕರೆಂಟಿನಿಂದ ನಡೆಯುವುದು ಏನೇನು ಇದೆ? ಇನ್ನು ಹತ್ತು ವರ್ಷದಲ್ಲಿ ಏನೇನು ಬೇಕಾಗಬಹುದು? ಜನ ಹೇಳಿದ್ದನ್ನೆಲ್ಲ ಕೂಡಿಸಿ, ಎಲ್ಲಿ ಹೊಸ ಲೈನು, ಎಲ್ಲಿ ಹೊಸ ಟ್ರಾನ್ಸ್‌ಫಾರ್ಮರು ಎಂದು ಮೇಲಿನವರು ನಿರ್ಧಾರ ಮಾಡುತ್ತಾರೆ. ನಮ್ಮ ಇಂಜಿನಿಯರು ವಿಜೇತಾ ಮೇಡಂ ಎಂದು. ಮೊದಲ ದಿನವೇ ನಮ್ಮನ್ನೆಲ್ಲ ಕೂರಿಸಿ ಹೇಳಿದರು: "ಇದು ಊಟದ ಪಂಕ್ತಿ ಇದ್ದ ಹಾಗೆ. ಎಷ್ಟು ಜನ ಬರ್ತಾರೆ ಅಂತ ಗೊತ್ತಾಗದೆ ಅಕ್ಕಿ ಹಾಕಲಿಕ್ಕೆ ಬರುವುದಿಲ್ಲ. ಬೇಕು ಅಂತ ಹೇಳದವನ ಎಲೆಗೆ ಬಡಿಸಲಿಕ್ಕೂ ಬರುವುದಿಲ್ಲ."

ಹೊನ್ನಿ, ಇದು ನಮ್ಮದೇ ಕೆಲಸ ಎಂದು ನನಗೆ ಅನಿಸಿತು. ಕದ್ರಾದಿಂದ, ಕೈಗಾದಿಂದ ಹೊರಟ ದೊಡ್ಡ ತಂತಿ ನಿಮ್ಮ ಗದ್ದೆಯ ಮೇಲಿಂದಲೇ ಎಲ್ಲಿಗೋ ಹೋಗುತ್ತದೆ. ಕೆಳಗಿನಕೇರಿಯಲ್ಲಿ ಮಾತ್ರ ಸಂಜೆಯಾದರೆ ಬಲ್ಬು ಬೀಡಿಯ ತುದಿಯ ಹಾಗೆ ಉರಿಯುತ್ತದೆ. ಅವಲಕ್ಕಿ ಮಿಲ್ಲಿನ ಮೋಟಾರು ತಿರುಗಬೇಕಾದರೆ ಮೂರು ತಂತಿಯ ತ್ರೀ ಫೇಸ್ ಕರೆಂಟು ಬೇಕು. ನಮ್ಮ ಮದುವೆ ಗೊತ್ತುಮಾಡಿ ವೀಳ್ಯ ಕೊಟ್ಟ ದಿವಸ ನಿನ್ನ ಅಪ್ಪ ಬೀರು ಮಾವ ಎಲ್ಲರ ಎದುರು ಹೇಳಿದ್ದು ನಿನಗೆ ನೆನಪಿರಬೇಕು. "ಗದ್ದೆ ಇಲ್ಲ, ಕಾಯಂ ನೌಕರಿ ಇಲ್ಲ. ಮಿಲ್ಲು ಹಾಕ್ತೆ ಅಂತಿ, ಹಾಕು. ಮಿಲ್ಲು ತಿರುಗೂಕೆ ಹತ್ತಿದ ದಿವ್ಸ ಹೊನ್ನಿನ ಕಳಿಸ್ತೆ."

ಬರುವ ವಾರ ನಿಮ್ಮ ಕೇರಿಗೆ ನನ್ನ ಜೊತೆ ಕೆಲಸ ಮಾಡುವ ಸೂರಜ್ ಎಂಬವನು ಬರುತ್ತಾನೆ. ನನಗೇ ಬರುವ ಆಸೆ. ವೀಳ್ಯ ಕೊಟ್ಟ ಮೇಲೆ ಮದುವೆಯ ತನಕ ಹುಡುಗ ಆ ಕೇರಿಗೆ ಕಾಲಿಡಬಾರದು ಎಂದು ಮಾವ ಕಟ್ಟು ಮಾಡಿದ್ದಾನಲ್ಲ. ಹಾಗಾಗಿ ನೀನೇ ಮನೆಯಲ್ಲಿ ಹೇಳು, ಕೇರಿಯಲ್ಲೂ ಹೇಳು. ಇದ್ದದ್ದೆಲ್ಲ ಹೇಳಲಿ. ಬೇಕಾದದ್ದನ್ನು ಇನ್ನೂ ಹೆಚ್ಚು ಹೇಳಲಿ. ಮಿಲ್ಲಿನ ಮಾತು ಮರೆಯಬಾರದು.

ಅತ್ತೆಯ ಭುಜ ಹೇಗಿದೆ?

ನಿನ್ನ
ಕುಮಾರ


ಅಂಕೋಲಾ
25-12-2004

ಕುಮಾರ ಬಾವನಿಗೆ ಹೊನ್ನಿಯ ನಮಸ್ಕಾರ.

ನಾನು ನಾಲ್ಕನೆಯ ತರಗತಿ ಮಾತ್ರ ಕಲಿತವಳು. ತಪ್ಪಿದ್ದರೆ ನಗಬೇಡ. ನಿನ್ನ ಕಾಗದ ದೇವಾನಂದನ ಅಂಗಡಿಗೆ ಬಂದಿತ್ತು. ಓದಿ ಅವ್ವಿಗೆ ಹೇಳಿದೆ. ಅವ್ವಿ ಪಕ್ಕದ ಮನೆ ಗಂಗಿಗೆ ಹೇಳಿದಳು. ಗಂಗಿಗೆ ಹೇಳಿದರೆ ಕೇರಿಗೆ ಹೇಳಿದ ಹಾಗೆಯೇ. ನೀನು ಬಯಸಿದಂತೆ ಮಾತು ಎಲ್ಲರಿಗೂ ಮುಟ್ಟಿತು.

ಸೂರಜ್ ಅವರು ಬುಧವಾರ ಬಂದರು. ಬಿಳಿ ಬೂಟು ಹಾಕಿದ್ದರು, ಗದ್ದೆಯ ಅಂಚಿನಲ್ಲಿ ಒಂದು ಬೂಟು ಹುಗಿದುಹೋಯಿತು. ಎಲ್ಲರೂ ಒಡೀರೆ ಒಡೀರೆ ಎಂದು ಕರೆದು ಕೂರಿಸಿದರು. ನಮ್ಮ ಮನೆಯಲ್ಲಿ ಅಪ್ಪ ಮಾತಾಡಿದ. ನಾನು ಬಾಗಿಲ ಹಿಂದೆ ಇದ್ದೆ. ಮಜ್ಜಿಗೆ ಕೊಟ್ಟೆ. ಚೆನ್ನಾಗಿದೆ ಎಂದು ಇನ್ನೊಂದು ಸಲ ಕೇಳಿ ಕುಡಿದರು.

ಹೊಸ ಭತ್ತ ಬಂದಿದೆ. ಈ ಸಲದ ಅವಲಕ್ಕಿ ಬೆಳ್ಳಗಿದೆ. ಸಂತೆಯಲ್ಲಿ ಬೇಗ ಹೋಗುತ್ತಿದೆ. ಈ ಕಾಗದವನ್ನೂ ಸಂತೆಗೆ ಬಂದಾಗಲೇ ಹಾಕುತ್ತಿದ್ದೇನೆ.

ಬಿಸಿಲಲ್ಲಿ ತಿರುಗುವಾಗ ತಲೆಗೆ ಏನಾದರೂ ಹಾಕಿಕೋ.

ಹೊನ್ನಿ


ಕಾರವಾರ
31-12-2004

ಪ್ರೀತಿಯ ಹೊನ್ನಿಗೆ,

ಮಜ್ಜಿಗೆಯ ಸುದ್ದಿ ಬರೆದೆ, ಬೂಟಿನ ಸುದ್ದಿ ಬರೆದೆ. ಮಾವ ಏನು ಹೇಳಿದ ಎಂದು ಬರೆಯಲೇ ಇಲ್ಲ. ಮಿಲ್ಲಿನ ಮಾತು ಬಂತಾ? ಸೂರಜನನ್ನು ಕೇಳೋಣ ಎಂದರೆ ಅವನು ಹಬ್ಬಕ್ಕೆ ರಜೆ ಹಾಕಿ ಊರಿಗೆ ಹೋಗಿದ್ದಾನೆ.

ನಾನು ಈಗ ಕದ್ರಾದ ಕಡೆಯ ಮನೆಗಳಲ್ಲಿ ತಿರುಗುತ್ತಿದ್ದೇನೆ. ಅಣೆಕಟ್ಟಿನ ಕೆಳಗೇ ಇರುವ ಒಂದು ಮನೆಯ ಮುದುಕ, "ನಮ್ಮ ನೀರೇ ತಿರುಗಿ ಕರೆಂಟಾಗ್ತದೆ, ನಮ್ಮನ್ನೇ ಕೇಳೂಕೆ ಬರ್ತ್ರಿ" ಎಂದು ನಕ್ಕ. ಆಮೇಲೆ ಫ್ರಿಜ್ಜಿನಿಂದ ಹಿಡಿದು ಬೋರ್‌ವೆಲ್ಲಿನ ತನಕ ಎಲ್ಲಾ ಬೇಕು ಎಂದು ಬರೆಸಿದ.

ಒಂದೇ ಸಾಲಾದರೂ ಬರೆ.

ಕುಮಾರ


ಅಂಕೋಲಾ
8-1-2005

ಕುಮಾರ ಬಾವನಿಗೆ,

ಅವ್ವಿಯ ಭುಜ ಈಗ ಮೇಲೆ ಏಳುವುದೇ ಇಲ್ಲ. ತಲೆ ಬಾಚಲು ನಾನೇ ಬೇಕು. ಮೊದಲು ಇಬ್ಬರೂ ಎದುರುಬದುರು ನಿಂತು ಕುಟ್ಟುತ್ತಿದ್ದೆವು, ಅವಳ ಒನಕೆ ಮೇಲೆ ಹೋದಾಗ ನನ್ನದು ಕೆಳಗೆ. ಈಗ ಒಬ್ಬಳೇ. ಹುರಿದ ಭತ್ತ ಆರಿದರೆ ಅವಲಕ್ಕಿ ಒಡೆದು ನುಚ್ಚಾಗುತ್ತದೆ, ಬಿಸಿ ಇರುವಾಗಲೇ ಕುಟ್ಟಬೇಕು. ಒಬ್ಬಳ ಕೈಗೆ ಅಷ್ಟು ಬೇಗ ಆಗುವುದಿಲ್ಲ. ಅವ್ವಿ ಪಕ್ಕದಲ್ಲಿ ಕೂತು ಬಾಯಲ್ಲೇ "ಹೂಂ, ಹೂಂ" ಎಂದು ತಾಳ ಹಾಕುತ್ತಾಳೆ.

ನೀನು ಕೇಳಿದ್ದಕ್ಕೆ ಏನು ಬರೆಯುವುದು? ಅಪ್ಪ ಮನೆಯ ವಿಷಯ ಮನೆಯಂತೆ ಹೇಳಿದ. ನನಗೆ ಎಲ್ಲಾ ಸರಿ ಕೇಳಿಸಲಿಲ್ಲ.

ಮಲ್ಲಾಪುರದಿಂದ ಅಪ್ಪನ ಗುರ್ತಿನವರೊಬ್ಬರು ಬಂದಿದ್ದರು. ಅವರ ಮಗ ಅಲ್ಲಿ ಕೈಗಾದವರ ಕಾಲೊನಿಯ ತೋಟ ನೋಡಿಕೊಳ್ಳುವ ಕೆಲಸದಲ್ಲಿ ಕಾಯಂ ಆಗಿದ್ದಾನಂತೆ. ಸುಮ್ಮನೆ ಬಂದಿದ್ದರು.

ಹೊನ್ನಿ


ಕಾರವಾರ
20-1-2005

ಹೊನ್ನಿಗೆ,

ಕಚೇರಿಯಲ್ಲಿ ಗೋಡೆಗೆ ದೊಡ್ಡ ನಕಾಶೆ ಹಾಕಿದ್ದಾರೆ. ಹೊಸ ಲೈನು ಬರುವಲ್ಲಿ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದಿದ್ದಾರೆ. ಕೆಂಪು ಗೆರೆ ಅಂಕೋಲಾದಿಂದ ಹೊರಟು ನಿಮ್ಮ ಹಳ್ಳದ ತನಕ ಬಂದು, ಅಲ್ಲಿಂದ ತಿರುಗಿ ಬೇರೆ ಕಡೆ ಹೋಗಿದೆ. ಕೆಳಗಿನಕೇರಿ ಇರುವಲ್ಲಿ ಬರೀ ಬಿಳಿ ಕಾಗದ. ಏಕೆ ಎಂದು ಕೇಳಿದೆ. "ಅವರಿಗೆ ಏನೂ ಬೇಡವಂತೆ ಕುಮಾರ" ಎಂದರು ಮೇಡಂ.

ಸೂರಜ್ ಊರಿಂದ ಬಂದ. ಅವನು ನಗುತ್ತಾ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ಮನೆ ಮನೆ ಮೇಲೂ ಟಿವಿಯ ಆಂಟೆನಾ, ಒಳಗೆ ನೋಡಿದ್ರೆ ಒಂದೂ ಟಿವಿ ಇಲ್ಲ. ಅದೆಂತಕೆ ಅಂತ ಕೇಳ್ದೆ. 'ಅದು ಕಾಗೆ ಕೂರೂಕೆ ಒಡೀರೆ' ಅಂದ್ಲು ಒಬ್ಳು ಹೆಂಗ್ಸು! ಮುಖದ ಮೇಲೆ ಒಂಚೂರು ನಗು ಇಲ್ಲ. ಹುಲ್ಲಿನ ಗೊಣಬೆಯಿಂದ ಒಂದು ವೈರು ಹೊರಗೆ ಬಂದಿತ್ತು. ಎಲ್ರೂ ಒಂದೇ ಮಾತು: ನಮ್ದು ಭಾಗ್ಯಜ್ಯೋತಿ, ಒಂದೇ ಬಲ್ಬು, ಅದೇ ಹೆಚ್ಚಾಯ್ತು."

ನನಗೂ ನಗು ಬಂತು. ಆಮೇಲೆ ನಿಮ್ಮ ಮನೆಯ ಬಗ್ಗೆ ಕೇಳಿದೆ. ಅವನಿಗೆ ಮಜ್ಜಿಗೆ ನೆನಪಿತ್ತು. "ಯಜಮಾನ ಎಂತದೂ ಬೇಡ ಅಂದ. ಬಾಗಿಲ ಹಿಂದೆ ಒಂದು ಹುಡುಗಿ ಇತ್ತು. ಅದಾದ್ರೂ ಹೇಳೀತು ಅಂತ, ನಿಂಗೇನಾದ್ರೂ ಬೇಕನೇ ತಂಗೀ ಅಂತ ಎರಡು ಸಲ ಕೇಳ್ದೆ. ಎರಡು ಸಲವೂ ತಲೆ ಅಲ್ಲಾಡಿಸ್ತು. ಬೇಡ ಅಂತ."

ಆಮೇಲೆ ನನಗೆ ನಗು ಬರಲಿಲ್ಲ.

ಒಂದೇ ಬಲ್ಬಿಗೆಂದು ಸರಕಾರ ಕೊಟ್ಟ ಭಾಗ್ಯಜ್ಯೋತಿ ಇದ್ದವರ ಮನೆಯಲ್ಲಿ ಟಿವಿ ಕಂಡರೆ ಕನೆಕ್ಷನ್ ಕೀಳುತ್ತಾರೆ ಎಂದು ಕೇರಿಯವರು ಹೆದರಿರಬೇಕು. ಮೇಡಂ ಹೇಳಿದ್ದಾರೆ, ಈ ಲೆಕ್ಕದಿಂದ ಯಾರ ಕರೆಂಟೂ ಕೀಳುವುದಿಲ್ಲ, ಇದು ಮುಂದಿನ ಯೋಜನೆಗೆ ಮಾತ್ರ. ಈಗಲೂ ದಾರಿ ಇದೆ. ಫೆಬ್ರುವರಿ ಮುಗಿಯುವ ಮೊದಲು ಕೇರಿಯವರೇ ನಮಗೆ ಇಂಥಿಂಥದ್ದು ಬೇಕು ಎಂದು ಬರೆದು ರುಜು ಹಾಕಿ ಕೊಟ್ಟರೆ, ನಕಾಶೆ ತಿದ್ದುತ್ತಾರೆ. ಆಮೇಲೆ ಐದು ವರ್ಷ ಯಾರೂ ಕೇಳುವುದಿಲ್ಲ.

ಆದರೆ ಅದು ಕೇರಿಯ ಮಾತಾಯಿತು. ನಾನು ನಿನ್ನ ಮಾತು ಕೇಳುತ್ತಿದ್ದೇನೆ. ಅರ್ಜಿ ಕೊಡಿಸೋಣವಾ ಬೇಡವಾ, ಮಿಲ್ಲು ಬೇಕಾ ಬೇಡವಾ, ಇಷ್ಟನ್ನು ನೀನು ಬರೆ. ನಿನ್ನ ಅಪ್ಪ ಹೇಳಿದ್ದು ಬೇಡ, ನಿನ್ನದು ಬರೆ. ನಾನು ಮತ್ತೆ ಮತ್ತೆ ಕೇಳುವುದಿಲ್ಲ.

ಕುಮಾರ


ಕಾರವಾರ
17-2-2005

ಹೊನ್ನಿಗೆ,

ನಿನ್ನ ಕಾಗದ ಬರಲಿಲ್ಲ. ಪ್ರತಿ ಸಂತೆ ಕಳೆದ ಮೇಲೆ ಅಂಚೆಯವನ ದಾರಿ ನೋಡಿದೆ. ಸೂರಜ್ ತಮಾಷೆ ಮಾಡಿದ, "ಅವಳಿಗೆ ಅಂಚೆಯವನೇ ಹೋಗಿ ಬೇಕಾ ಅಂತ ಕೇಳಿದ್ರೂ ತಲೆ ಅಲ್ಲಾಡಿಸ್ತದೆ ಬಿಡು." ಅವನೊಡನೆ ಜಗಳವಾಯಿತು. ಜಗಳವಾಡಿದ ಮೇಲೆ, ಅವನು ಹೇಳಿದ್ದರಲ್ಲಿ ತಪ್ಪೇನು ಎಂದು ಅನಿಸಿತು.

ನಿನ್ನೆ ಅಂಕೋಲಾ ಬಸ್ ಸ್ಟ್ಯಾಂಡಿನಲ್ಲಿ ಮಾವ ಸಿಕ್ಕಿದ. ಜೊತೆಯಲ್ಲಿ ನಿಮ್ಮ ಕಡೆಯ ಜನ ಇದ್ದರು. "ಎಂತಾ ಅಳಿಯಾ, ಕರೆಂಟು ಎಲ್ಲಿಗೆ ಬಂತು? ಕಾರವಾರದಿಂದ ಹೊರಟಿದಾ?" ಎಂದು ಕೇಳಿದ. ಎಲ್ಲರೂ ನಕ್ಕರು. ಆಮೇಲೆ ನನ್ನನ್ನು ಬದಿಗೆ ಕರೆದು, ನೀನು ಬರೆದಿದ್ದ ಆ ಮಲ್ಲಾಪುರದವರ ಮಗ ಮಾಬ್ಲೇಶ್ವರನ ಸುದ್ದಿ ಹೇಳಿದ. ಕ್ವಾರ್ಟರ್ಸ್ ಇದೆ, ಕರೆಂಟು ಹೋಗುವುದೇ ಇಲ್ಲ ಎಂದ. ಹೊನ್ನಿ ಏನಂತಾಳೆ ಎಂದು ಕೇಳಿದೆ. "ಅವ್ಳು ಬ್ಯಾಡ ಅಂಬುದಿಲ್ಲ" ಎಂದ.

ನಿನಗೆ ಬೇಡವಾಗಿದ್ದರೆ ಅದನ್ನು ಬಾಯಿಬಿಟ್ಟು ಹೇಳುವುದು ನಿನ್ನಿಂದ ಆಗುವುದಿಲ್ಲ ಎಂದು ನನಗೆ ಗೊತ್ತು. ನಿನ್ನ ಬಾಯಿಂದ ಹೇಳಿಸುವುದು ಬೇಡ ಎಂದು ನಾನೇ ಒಂದು ಕೆಲಸ ಮಾಡಿದೆ. ಅಲ್ಲೇ ಅಂಗಡಿಯಲ್ಲಿ ಎಲೆ ಅಡಿಕೆ ತೆಗೆದುಕೊಂಡು, ಆ ಜನರ ಎದುರೇ ಮಾವನ ಕೈಗೆ ಇಟ್ಟೆ. ನೀವು ಕೊಟ್ಟ ವೀಳ್ಯ ತಿರುಗಿ ಕೊಡುತ್ತಿದ್ದೇನೆ ಎಂದೆ. ಅವನು ಎಲೆಯನ್ನೂ ನೋಡಿದ, ನನ್ನ ಮುಖವನ್ನೂ ನೋಡಿದ.

ರಾಯಚೂರಿನ ಕಡೆ ಲೈನು ಎಳೆಯುವ ಕೆಲಸಕ್ಕೆ ಕಂತ್ರಾಟುದಾರ ಕರೆಯುತ್ತಿದ್ದಾನೆ. ಇಷ್ಟು ದಿವಸ ಆಗುವುದಿಲ್ಲ ಎನ್ನುತ್ತಿದ್ದೆ. ಇದನ್ನು ನಿನಗೆ ಬರೆದಿರಲಿಲ್ಲ. ಇವತ್ತು ಬರುತ್ತೇನೆ ಎಂದು ಹೇಳಿದೆ.

ನಿನ್ನ ಮೇಲೆ ಸಿಟ್ಟಿಲ್ಲ.

ಕುಮಾರ


ಅಂಕೋಲಾ
19-2-2005

ನನ್ನ ಕುಮಾರ ಬಾವನಿಗೆ,

ಇಷ್ಟು ದಿವಸ ಬರೆಯಲಿಲ್ಲ ಎಂದು ಸಿಟ್ಟಾಗಿದ್ದೀಯಾ? ಆಗಿರು. ಈ ಕಾಗದ ಓದಿದ ಮೇಲೆ ಹೋಗುತ್ತದೆ.

ಮೊದಲು ಅವತ್ತಿನದು ಹೇಳುತ್ತೇನೆ. ನಿನ್ನ ಮೊದಲನೆಯ ಕಾಗದದಿಂದಲೇ ಎಲ್ಲಾ ಹಾಳಾಯಿತು ಬಾವ. ಇದ್ದದ್ದು ಹೇಳಿ ಎಂದು ನೀನು ಬರೆದೆ. ಕೇರಿಯವರಿಗೆ ಕೇಳಿಸಿದ್ದು, ಕರೆಂಟಿನವರು ಬರುವ ದಿವಸ ಯಾವುದು ಎಂಬುದು ಮಾತ್ರ. ಹಿಂದಿನ ರಾತ್ರಿಯೇ ಟಿವಿಗಳು ಹುಲ್ಲಿನ ಒಳಗೆ ಹೋದವು. ಭಾರತಿ ತನ್ನ ಫ್ಯಾನನ್ನು ಸೀರೆಯಲ್ಲಿ ಸುತ್ತಿ ತೊಟ್ಟಿಲಲ್ಲಿ ಮಲಗಿಸಿದಳು, ಮಗುವನ್ನು ಸೊಂಟಕ್ಕೆ ಏರಿಸಿಕೊಂಡಳು. ಸೂರಜ್ ಅವರು ಮಗು ಮಲಗಿದೆ ಎಂದು ತಿಳಿದು ಮೆಲ್ಲಗೆ ಮಾತಾಡಿದರು. ಕಾಗೆಯ ಮಾತು ಹೇಳಿದ್ದು ಗಂಗಿ.

ಮಿಲ್ಲಿನ ಮಾತು ಹೇಳು ಎಂದು ಅಪ್ಪನಿಗೆ ನಾನು ಹೇಳಿದ್ದೆ. "ಮನೆ ಕರೆಂಟೇ ಬೇರೆ, ಮಿಲ್ಲಿನ ಕರೆಂಟೇ ಬೇರೆ. ಅದ್ನ ಕುಮಾರ ಆಫೀಸಿಂದ ಬರಿಸ್ತ. ಈಗ ಬಾಯಿ ಬಿಟ್ರೆ ಇದ್ದ ಬಲ್ಬೂ ಹೋತದೆ" ಎಂದ. ಅವನು ಕೇಡಿಗೆ ಹೇಳಿದ್ದಲ್ಲ, ಹಾಗೆಯೇ ತಿಳಿದಿದ್ದ. ಸೂರಜ್ ಅವರು ನನ್ನನ್ನು ಕೇಳಿದಾಗ ಮಿಲ್ಲು ಎಂಬ ಮಾತು ಬಾಯೊಳಗೆ ಬಂದಿತ್ತು. ಅಪ್ಪ ತಿರುಗಿ ನೋಡಿದ. ಗುರ್ತಿಲ್ಲದ ಗಂಡಸು ಬೇರೆ. ತಲೆ ತಾನಾಗಿಯೇ ಅಲ್ಲಾಡಿತು. ಇದನ್ನು ನಿನಗೆ ಹೇಗೆ ಬರೆಯುವುದು ಎಂದು ತಿಳಿಯದೆ ಮಜ್ಜಿಗೆ, ಬೂಟು ಎಂದು ಏನೇನೋ ಬರೆದೆ.

ನಿನ್ನ ಜನವರಿ ಕಾಗದ ಓದಿ ಬಹಳ ಅತ್ತೆ. ಆಮೇಲೆ ಒಂದು ವಿಚಾರ ಬಂತು. ಕಳೆದ ಸಲ ಮೊದಲೇ ಹೇಳಿದ್ದಕ್ಕೆ ಕೆಟ್ಟಿತು. ಈ ಸಲ ಕೆಲಸ ಮುಗಿಯುವ ತನಕ ಯಾರಿಗೂ ಹೇಳಬಾರದು, ನಿನಗೂ ಹೇಳಬಾರದು. ಪೂರಾ ಆದ ಮೇಲೆ ಒಮ್ಮೆಲೇ ನಿನ್ನ ಕೈಗೆ ಕೊಡಬೇಕು.

ಬಾವ, ನಾನು ಮನೆ ಮನೆಗೆ ಹೋದೆ! ನೀನು ಹೋಗುವ ಹಾಗೆಯೇ. ಗಂಡಸರು ಗದ್ದೆಗೆ, ಅಂಕೋಲೆಗೆ ಹೋದ ಹೊತ್ತು ನೋಡಿ ಹೋಗುತ್ತಿದ್ದೆ. ಮೊದಲನೆಯ ಮನೆಯ ಅಂಗಳದಲ್ಲಿ ಬಾಯಿ ಬರದೆ ತಿರುಗಿ ಬಂದೆ. ಮರುದಿನ ಗಂಗಿಯ ಹತ್ತಿರ ಹೋಗಿ, ಬಾಯಿ ಬಿಡುವುದಿಲ್ಲ ಎಂದು ದೀಪ ಮುಟ್ಟಿಸಿ ಆಣೆ ಹಾಕಿಸಿದೆ. ಅವಳನ್ನು ಜೊತೆಗೆ ಕರೆದುಕೊಂಡ ಮೇಲೆ ಧೈರ್ಯ ಬಂತು. ಗಂಗಿ ಪ್ರತಿ ಮನೆಯ ಮುಂದೂ, "ಬನ್ರೇ, ಮಿಲ್ಲಿನ ಒಡತಿ ಬಂದದೆ, ಚಾಪೆ ಹಾಕಿ" ಎಂದು ಕೂಗುತ್ತಿದ್ದಳು. ನನಗೆ ಭೂಮಿಗೆ ಇಳಿದು ಹೋಗೋಣ ಎನಿಸುತ್ತಿತ್ತು.

ಕನೆಕ್ಷನ್ ಕೀಳುವುದಿಲ್ಲ ಎಂದು ನೀನು ಬರೆದದ್ದನ್ನು ಓದಿ ಹೇಳಿದೆ. ಮೊದಲು ಎಲ್ಲರೂ "ನಮ್ಗೆ ಎಂತದೂ ಬ್ಯಾಡ" ಎಂದೇ ಶುರು ಮಾಡಿದರು. ಸ್ವಲ್ಪ ಹೊತ್ತು ಸುಮ್ಮನೆ ಕೂತರೆ ಹೇಳುತ್ತಾರೆ ಬಾವ. ನಿಮ್ಮ ಸೂರಜ್ ಅವರು ಸುಮ್ಮನೆ ಕೂರಲಿಲ್ಲ. ಭಾರತಿ ಫ್ಯಾನು ಬೇಕು ಎಂದಳು. ಇದೆಯಲ್ಲ ಎಂದೆ. "ಇದು ತಿರುಗ್ತದೆ ಅಷ್ಟೇ, ಗಾಳಿ ಬರೂದಿಲ್ಲ. ಗಾಳಿ ಬರೂ ಫ್ಯಾನು ಬೇಕು ಅಂತ ಬರಿ" ಎಂದಳು. ಗಂಗಿಗೆ ಬಾವಿಗೆ ಮೋಟಾರು ಬೇಕು. ತನ್ನ ಅಂಗೈ ತೋರಿಸಿದಳು, ಹಗ್ಗ ಎಳೆದು ಎಳೆದು ಅಲ್ಲಿ ಗೆರೆಯೇ ಉಳಿದಿಲ್ಲ. ಒಬ್ಬಳು ನನ್ನ ಕಿವಿಯಲ್ಲಿ ಇಸ್ತ್ರಿ ಪೆಟ್ಟಿಗೆ ಎಂದಳು, ಮಗನ ಶಾಲೆ ಅಂಗಿಗೆ. ಗಂಡನಿಗೆ ಗೊತ್ತಾದರೆ ನಗುತ್ತಾನೆ ಎಂದು ಹೆದರಿಕೆ. ಗೋದಾವರಿ ಅಜ್ಜಿಯನ್ನು ಹತ್ತು ವರ್ಷಕ್ಕೆ ಏನು ಬೇಕು ಎಂದು ಕೇಳಿದೆ. "ಹತ್ತು ವರ್ಷಕ್ಕೆ ನಾ ಎಲ್ಲಿರ್ತೆ ಹುಡುಗೀ? ಹಾಂಗಾರೆ ಮಶಾಣದ ದಾರಿಗೆ ಒಂದು ಲೈಟು ಬರ್ಕೋ. ಹೊತ್ಕಂಡು ಹೋಗೂರು ಎಡವೂದು ಬ್ಯಾಡ" ಎಂದಳು. ನಾವೆಲ್ಲ ನಕ್ಕೆವು. ಆಮೇಲೆ ಬರೆದುಕೊಂಡೆ.

ನಮ್ಮ ಅವ್ವಿಯನ್ನೂ ಕೇಳಿದೆ. ಅವಳು ಭುಜ ಹಿಡಿದುಕೊಂಡು, "ಈ ಒನಕೆಗೊಂದು ಕರೆಂಟು ಕೊಡ್ರಿ" ಎಂದಳು.

ಅರ್ಜಿ ಇದರ ಜೊತೆಗೇ ಇಟ್ಟಿದ್ದೇನೆ. ನನ್ನ ಅಕ್ಷರ ಸೊಟ್ಟಗಿದೆ. ಎಲ್ಲರ ರುಜು, ಹೆಬ್ಬೆಟ್ಟು ಇದೆ, ಗಂಡಸರದನ್ನು ಕೊನೆಗೆ ಅವರವರ ಮನೆಯ ಹೆಂಗಸರೇ ಹಾಕಿಸಿ ಕೊಟ್ಟರು. ಅಪ್ಪನದು ಮಾತ್ರ ಇಲ್ಲ. ಅವನು ನಿನ್ನೆ ಮೊನ್ನೆಯಿಂದ ಯಾರೊಡನೆಯೂ ಮಾತಾಡುತ್ತಿಲ್ಲ, ಏನೆಂದು ಗೊತ್ತಿಲ್ಲ. ಸಮಾಧಾನ ಆದ ಮೇಲೆ ಕೇಳುತ್ತೇನೆ. ಮೇಡಂ ಅವರಿಗೆ ಬೇಗ ಮುಟ್ಟಿಸು.

ನನಗೆ ಬೇಕಾದದ್ದನ್ನು ಅರ್ಜಿಯಲ್ಲಿ ಬರೆದಿಲ್ಲ. ಅದು ನಿನಗೆ ಗೊತ್ತಲ್ಲ.

ನಿನ್ನ
ಹೊನ್ನಿ


ಕಾರವಾರ
22-2-2005

ಹೊನ್ನಿ,

ನಿನ್ನ ಕಾಗದ ಇವತ್ತು ಬಂತು. ನಿಂತಲ್ಲೇ ಓದಿದೆ. ನನ್ನ ಕಾಗದ ನಿನಗೆ ಮುಟ್ಟಿರುತ್ತದೆ. ಅದನ್ನು ಸುಡು. ಅದನ್ನು ಬರೆದವನು ಮಳ್ಳ.

ಅರ್ಜಿಯನ್ನು ಮೇಡಂ ಕೈಗೇ ಕೊಟ್ಟೆ. ಓದುತ್ತಾ ಓದುತ್ತಾ ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಗಾಳಿ ಬರುವ ಫ್ಯಾನು. ಇದನ್ನು ನಮ್ಮ ಯಾವ ಹುಡುಗನೂ ಬರಕೊಂಡು ಬರಲಿಲ್ಲ" ಎಂದರು. ಕೆಂಪು ಪೆನ್ಸಿಲು ತೆಗೆದು ಹಳ್ಳ ದಾಟಿಸಿ ನಿಮ್ಮ ಕೇರಿಯ ತನಕ ಗೆರೆ ಎಳೆದರು. ನನ್ನ ಕಣ್ಣೆದುರೇ.

ನಾನು ನಾಡಿದ್ದು ಬರುತ್ತಿದ್ದೇನೆ. ಕಾಲಿಡಬಾರದು ಎಂಬ ಕಟ್ಟು ಇನ್ನು ಇಲ್ಲವಲ್ಲ. ಮಾವನ ಕಾಲು ಹಿಡಿಯುತ್ತೇನೆ. ರಾಯಚೂರಿಗೆ ಹೋಗುವುದಿಲ್ಲ.

ಕುಮಾರ


ಅಂಕೋಲಾ
5-3-2005

ಕುಮಾರ ಬಾವನಿಗೆ,

ನೀನು ಬೇಲಿಯ ದಣಪೆಯ ಆಚೆ ನಿಂತಿದ್ದನ್ನು ನಾನು ನೋಡಿದೆ. ಅಪ್ಪ ನಿನ್ನನ್ನು ಒಳಗೆ ಕರೆಯಲಿಲ್ಲ. ಅವನು ಹೇಳಿದ್ದೂ ನನಗೆ ಕೇಳಿಸಿತು. "ತಿರುಗ್ಸಿ ಕೊಟ್ಟ ವೀಳ್ಯ ಮತ್ತೆ ಕೇಳೂಕೆ ಬಂದ್ಯಾ? ಅದ್ನ ನಾ ಅಲ್ಲೇ ತಿಂದು ಉಗ್ದಾಯ್ತು." ಒನಕೆ ನನ್ನ ಕೈಯಲ್ಲಿತ್ತು. ಭತ್ತ ಆರಿಹೋಯಿತು.

ನೀನು ಹೋದ ಮೇಲೆ ನಾನು ಅಪ್ಪನ ಎದುರು ನಿಂತು ಹೇಳಿದೆ. ಬಾಗಿಲ ಹಿಂದಿನಿಂದ ಅಲ್ಲ. ನನಗೆ ಕುಮಾರ ಬಾವನೇ ಬೇಕು ಎಂದೆ. ಮೂರು ಸಲ ಹೇಳಿದೆ. ಅವನು ಬೈಯಲಿಲ್ಲ, ಹೊಡೆಯಲಿಲ್ಲ. ಅಳು ಬಂದವನ ಹಾಗೆ ಮುಖ ಮಾಡಿದ. "ಇಷ್ಟು ದಿವ್ಸ ಎಲ್ಲಿಟ್ಟಿದ್ಯೇ ಈ ಬಾಯಿ? ಬಸ್ ಸ್ಟ್ಯಾಂಡಿನಲ್ಲಿ ಊರ ಮುಂದೆ ನನ್ನ ಕೈಲಿ ಎಲೆ ಇಟ್ಟು ಹೋದ. ಮಗ್ಳು ಬ್ಯಾಡಾದ್ಲು ಅಂತ ಎಲ್ರೂ ನೋಡಿದ್ರು. ನಾನು ಅಲ್ಲಿಂದ ಸೀದಾ ಮಲ್ಲಾಪುರದ ಬಸ್ಸು ಹತ್ತಿ ಮಾತು ಕೊಟ್ಟು ಬಂದೆ. ಈಗ ಅವ್ರ ವೀಳ್ಯನೂ ತಿರುಗ್ಸಿದ್ರೆ ಈ ಮನೆಗೆ ಮತ್ಯಾರು ಬರ್ತ್ರು?"

ವೀಳ್ಯ ತಿರುಗಿಸಿದ ಕೈಗೆ ನಮ್ಮ ಜನ ಮತ್ತೆ ವೀಳ್ಯ ಕೊಡುವುದಿಲ್ಲ, ಅದು ನಿನಗೂ ಗೊತ್ತು. ಗೊತ್ತಿದ್ದೂ ಇಟ್ಟೆ.

ಓಡಿ ಬಾ ಎಂದು ಗಂಗಿಯ ಹತ್ತಿರ ಹೇಳಿ ಕಳಿಸಿದ್ದೀಯಂತೆ. ನೀನು ಹತ್ತು ಜನರ ಎದುರು ತಿರುಗಿಸಿ ಕೊಟ್ಟದ್ದನ್ನು ನಾನು ಕದ್ದು ತರಲಾರೆ ಬಾವ. ನೀನು ಇನ್ನೊಂದು ಸಂತೆ ಕಾಯಬೇಕಾಗಿತ್ತು. ನಾನು ಒಂದು ಸಾಲಾದರೂ ಬರೆಯಬೇಕಾಗಿತ್ತು. ಪ್ರತಿ ಸಂತೆಗೂ ಅಂಚೆ ಡಬ್ಬಿಯ ಎದುರಿಂದಲೇ ಹೋಗುತ್ತಿದ್ದೆ.

ಯುಗಾದಿ ಕಳೆದ ಮೇಲೆ ಮದುವೆ. ನೀನು ರಾಯಚೂರಿಗೆ ಹೋಗು. ಅಲ್ಲಿ ಬಿಸಿಲು ಹೆಚ್ಚಂತೆ.

ಹೊನ್ನಿ


ಅಂಕೋಲಾ
10-12-2006

ಸೌಭಾಗ್ಯವತಿ ಹೊನ್ನಿಯವರಿಗೆ,

ಅಮದಳ್ಳಿಯ ಕುಮಾರ ಮಾಡುವ ನಮಸ್ಕಾರ. ನೀವು, ಮಾಬ್ಲೇಶ್ವರ ಅವರು ಕ್ಷೇಮವಾಗಿದ್ದೀರಿ ಎಂದು ನಂಬಿದ್ದೇನೆ. ನಿಮ್ಮ ವಿಳಾಸವನ್ನು ನಿಮ್ಮ ಅವ್ವಿ ಕೊಟ್ಟರು. ಈ ಕಾಗದವನ್ನು ಮಾಬ್ಲೇಶ್ವರ ಅವರೂ ಓದಬಹುದು. ಓದಬಾರದ್ದು ಇದರಲ್ಲಿ ಏನೂ ಇಲ್ಲ.

ನಾನು ರಾಯಚೂರಿನಿಂದ ಲೈನಿನ ಗ್ಯಾಂಗಿನ ಜೊತೆ ಊರ ಕಡೆಗೆ ಬಂದೆ. ಕಂತ್ರಾಟುದಾರನಿಗೆ ಅಂಕೋಲಾದ ಕೆಲಸ ಸಿಕ್ಕಿತು. ಯಾವ ಲೈನು ಎಂದು ಬಂದ ಮೇಲೆಯೇ ಗೊತ್ತಾದದ್ದು. ಹಳ್ಳ ದಾಟಿ ಕೆಳಗಿನಕೇರಿಗೆ ಹೋಗುವ ಲೈನು.

ನೀವು ಎಂದು ಬರೆಯಲು ಕೈ ಬರುವುದಿಲ್ಲ. ಕ್ಷಮಿಸು.

ನಿಮ್ಮ ಅಂಗಳದ ಮೂಲೆಯ ಕಂಬ ನಾನೇ ಹತ್ತಿದೆ ಹೊನ್ನಿ. ಮೇಲಿಂದ ನಿನ್ನ ಒರಳು ಕಾಣುತ್ತದೆ. ನಿನ್ನ ಅಪ್ಪ ಕೆಳಗೆ ನಿಂತು ಬಹಳ ಹೊತ್ತು ನೋಡಿದ. ಆಮೇಲೆ, "ಇಳಿಯೋ, ಮಜ್ಜಿಗೆ ಕುಡಿ" ಎಂದ. ನಾನು ಕುಡಿಯುವಾಗ ಬೇರೆ ಕಡೆ ಮುಖ ಮಾಡಿ, "ನೀ ಅವತ್ತು ಒಂದೆಂಟು ದಿವ್ಸ ತಡೀಬೇಕಿತ್ತು ಮಾರಾಯಾ" ಎಂದ. ಲೋಟ ಕೆಳಗಿಟ್ಟು ಮತ್ತೆ ಕಂಬ ಹತ್ತಿದೆ. ಮೇಲೆ ಕೆಲಸವೇನೂ ಉಳಿದಿರಲಿಲ್ಲ.

ಹೋದ ವಾರ ಕರೆಂಟು ಬಿಟ್ಟರು. ಭಾರತಿಯ ಫ್ಯಾನಿನ ಗಾಳಿಗೆ ಗೋಡೆಯ ಕ್ಯಾಲೆಂಡರು ಹಾರಿಹೋಯಿತು. ಅವಳು ಅದನ್ನು ಹಿಡಿಯಲು ಹೋಗಲಿಲ್ಲ, ನೋಡುತ್ತಾ ನಿಂತಳು. ಮಶಾಣದ ದಾರಿಗೆ ಲೈಟು ಹಾಕಿದ್ದೇವೆ. ಗೋದಾವರಿ ಅಜ್ಜಿ ಈಗಲೂ ಇದ್ದಾಳೆ. ಸಂಜೆ ಅದರ ಕೆಳಗೆ ಹೋಗಿ ಕೂತುಕೊಂಡು, ಲೈಟು ಬಂತು, ಕರಕೊಂಡು ಹೋಗೂರೇ ಬರ್ಲಿಲ್ಲ ಎನ್ನುತ್ತಾಳೆ. ಆಂಟೆನಾದ ಮೇಲೆ ಕಾಗೆ ಕೂರುತ್ತದೆ, ನಾನೇ ನೋಡಿದೆ. ಗಂಗಿ ಸುಳ್ಳು ಹೇಳಿರಲಿಲ್ಲ.

ಹೆಂಗಸರೆಲ್ಲ ಸೇರಿ ತಮ್ಮ ಸಂಘದಿಂದ ಅವಲಕ್ಕಿ ಮಿಲ್ಲು ಹಾಕಿದ್ದಾರೆ. ನನ್ನನ್ನೇ ನೋಡಿಕೋ ಎಂದರು. ಆಗುವುದಿಲ್ಲ ಎಂದೆ. ಗಂಗಿ ನೋಡಿಕೊಳ್ಳುತ್ತಾಳೆ. ನಿನ್ನ ಅವ್ವಿ ಒನಕೆಯನ್ನು ಅಟ್ಟಕ್ಕೆ ಹಾಕಿಸಿದಳು. ಕೇರಿಯಲ್ಲಿ ಎಲ್ಲರೂ ಅದನ್ನು ಹೊನ್ನಿ ಮಿಲ್ಲು ಎಂದೇ ಕರೆಯುತ್ತಾರೆ. ಹೊನ್ನಿ ಮಿಲ್ಲು ಶುರುವಾಯ್ತಾ, ಹೊನ್ನಿ ಮಿಲ್ಲು ನಿಂತ್ತಾ ಎಂದು ದಿವಸಕ್ಕೆ ಎಷ್ಟೋ ಸಲ ಕೇಳಿಸುತ್ತದೆ. ಹಾಗಾಗಿ ಈ ಕೆಲಸ ಮುಗಿದ ಕೂಡಲೇ ನಾನು ಹೊರಡುತ್ತೇನೆ.

ಮೊದಲ ದಿವಸದ ಅವಲಕ್ಕಿಯನ್ನು ಗಂಗಿ ಬಿಸಿ ಇರುವಾಗಲೇ ಕಟ್ಟಿ ಕೊಟ್ಟಳು. ಮಲ್ಲಾಪುರಕ್ಕೆ ಹೋಗುವವರ ಕೈಯಲ್ಲಿ ಕಳಿಸಿದ್ದೇನೆ.

ಕುಮಾರ


ಮಲ್ಲಾಪುರ
6-1-2007

ಕುಮಾರ ಬಾವನಿಗೆ ಹೊನ್ನಿಯ ನಮಸ್ಕಾರ.

ಅವಲಕ್ಕಿ ಮುಟ್ಟಿತು. ಬಹಳ ತೆಳ್ಳಗಿದೆ, ಒಂದೂ ಒಡೆದಿಲ್ಲ. ನನ್ನ ಕೈಯಲ್ಲಿ ಹೀಗೆ ಬರುತ್ತಿರಲಿಲ್ಲ. ಇವರಿಗೆ ಬೆಲ್ಲ, ಕಾಯಿ ಹಾಕಿ ಕಲಸಿ ಕೊಟ್ಟೆ. ಯಾವ ಮಿಲ್ಲಿನದು ಎಂದು ಕೇಳಿದರು. ನಮ್ಮ ಕೇರಿಯದು ಎಂದೆ. ಹೆಸರು ಹೇಳಲಿಲ್ಲ.

ಇವರು ಒಳ್ಳೆಯವರು. ಮಾತು ನನಗಿಂತ ಕಡಿಮೆ. ಗುಲಾಬಿ ಗಿಡಕ್ಕೆ ಕಸಿ ಕಟ್ಟುವಾಗ ಮಾತ್ರ ತಮ್ಮಷ್ಟಕ್ಕೇ ಹಾಡುತ್ತಾರೆ. ಅವ್ವಿ ಬಂದು ಎಂಟು ದಿವಸ ಇದ್ದು ಹೋದಳು. ಇಲ್ಲಿ ಕರೆಂಟು ಹೋಗುವುದೇ ಇಲ್ಲ ಬಾವ. ಸಂಜೆಗೆ ದೀಪ ಹಚ್ಚುವ ಕೆಲಸ ಇಲ್ಲ. ಸ್ವಿಚ್ಚು ಒತ್ತಿದರೆ ಮನೆಯ ಮೂಲೆ ಮೂಲೆ ಬೆಳ್ಳಗಾಗುತ್ತದೆ. ಮುಖ ಮರೆಸಿಕೊಳ್ಳಲು ಜಾಗ ಇಲ್ಲ ಎಂದು ಮೊದಮೊದಲು ಅನಿಸುತ್ತಿತ್ತು. ಈಗ ರೂಢಿಯಾಗಿದೆ.

ಮೊನ್ನೆ ಇಲ್ಲಿಗೂ ಒಬ್ಬಳು ಹುಡುಗಿ ಬಂದಿದ್ದಳು, ನೀನು ಕೇಳುತ್ತಿದ್ದ ಆ ಎರಡು ಪ್ರಶ್ನೆ ಕೇಳಲು. ನಾನು ಬಾಗಿಲ ಹಿಂದೆ ನಿಲ್ಲಲಿಲ್ಲ. ಚಾಪೆ ಹಾಕಿ ಕೂರಿಸಿದೆ. ಫ್ಯಾನು, ಟಿವಿ, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಒಂದೂ ಬಿಡದೆ ಹೇಳಿದೆ. ಅವಳು ಬರೆದುಕೊಂಡು, "ಮುಂದೆ ಇನ್ನೇನಾದ್ರೂ ಬೇಕಾಗ್ಬಹುದಾ ಅಕ್ಕಾ? ನೆನಪು ಮಾಡಿ ಹೇಳಿ" ಎಂದಳು. ಒಳ್ಳೆಯ ಹುಡುಗಿ. ಪೆನ್ನು ಹಿಡಿದುಕೊಂಡು ಸುಮ್ಮನೆ ಕೂತಳು, ನಾನು ಹೇಳುವ ತನಕ ಕಾಯುತ್ತೇನೆ ಎನ್ನುವ ಹಾಗೆ.

ನಾನು ತಲೆ ಅಲ್ಲಾಡಿಸಿದೆ.

ಆ ಸಲದ್ದು ಸುಳ್ಳು ಬಾವ. ಈ ಸಲದ್ದು ನಿಜ.

ಹೊನ್ನಿ